‘ಕುದುರೆಗೆ ಗೊತ್ತಿರುತ್ತದೆ’ ಎಂಬ ಮಾತು ಮತ್ತು ಸ್ಯಾನ್ ಹೋಸೆಯ ಬೆಟ್ಟದ ದಾರಿಯ ಒಂದು ಸವಾರಿ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವಕ್ಕೆ, ಮೌಂಟ್ ಹ್ಯಾಮಿಲ್ಟನ್ ಕಡೆಗೆ ಏರುತ್ತ ಹೋಗುವ ಬೆಟ್ಟಗಳ ತಪ್ಪಲಿನಲ್ಲಿ ಒಂದು ಖಾಸಗಿ ಕುದುರೆ ಲಾಯವಿದೆ. ಅಲ್ಲಿ ಶನಿವಾರ ಬೆಳಿಗ್ಗೆ ಮೂರೂವರೆ ಗಂಟೆಗಳ ಒಂದು ವಿಶೇಷ ಸವಾರಿಯನ್ನು ಏರ್ಪಡಿಸುತ್ತಾರೆ. ದಾರಿಯುದ್ದಕ್ಕೂ ಕುದುರೆಗೆ ವಿಷವಾಗುವ ಗಿಡಗಳನ್ನು ತೋರಿಸುತ್ತ, ಅವುಗಳ ಎದುರು ಕುದುರೆ ಹೇಗೆ ವರ್ತಿಸುತ್ತದೆ ಎಂಬುದನ್ನು ವಿವರಿಸುವುದು ಅದರ ಉದ್ದೇಶ. ಜೂನ್ ತಿಂಗಳ ಮೊದಲ ವಾರ ನಾನೂ ನನ್ನ 13 ವರ್ಷದ ಮಗಳೂ ಹೋಗಿ ಬಂದೆವು. ಒಬ್ಬರಿಗೆ 140 ಡಾಲರ್. ಸಾಮಾನ್ಯ ಸವಾರಿಗಿಂತ ಇದು ದುಬಾರಿಯೇ. ಆದರೂ ನಾನು ಹಣ ಕಟ್ಟಿದ್ದು ಅವರ ಕರಪತ್ರದಲ್ಲಿದ್ದ ಒಂದು ಸಾಲನ್ನು ಓದಿ: ‘ಯಾವ ಗಿಡ ವಿಷ, ಯಾವುದು ಅಲ್ಲ ಎಂಬುದು ನಮ್ಮ ಕುದುರೆಗಳಿಗೆ ಗೊತ್ತು, ಅವುಗಳಿಂದ ಕಲಿಯಿರಿ.’

ಲಾಯದ ಪಕ್ಕದ ಓಕ್ ಮರದ ಕೆಳಗೆ ನಮ್ಮನ್ನೆಲ್ಲ ಕೂರಿಸಿಕೊಂಡ ಮಾರ್ಗದರ್ಶಿ ಮೊದಲು ಮಾಡಿದ ಕೆಲಸವೆಂದರೆ ಆ ಸಾಲನ್ನು ಅಲ್ಲಗಳೆದದ್ದು. ಸುಮಾರು 60 ವರ್ಷದ ಆಕೆ ಅರ್ಧ ಆಯುಷ್ಯವನ್ನು ಕುದುರೆಗಳ ನಡುವೆಯೇ ಕಳೆದವರು. ಕುದುರೆಗೆ ‘ವಿಷ’ ಎಂಬುದೊಂದು ಗೊತ್ತಿರುವುದಿಲ್ಲ, ಅದಕ್ಕೆ ಗೊತ್ತಿರುವುದು ಕಹಿ, ಘಾಟು ಮತ್ತು ಹೊಸತು ಎಂಬ ಮೂರು ಮಾತ್ರ ಎಂದು ಅವರು ಹೇಳಿದರು. ಈ ಮೂರರಲ್ಲಿ ಒಂದೂ ಇಲ್ಲದ ವಿಷವನ್ನು ಅದು ಹುಲ್ಲಿನಷ್ಟೇ ಸಲೀಸಾಗಿ ತಿನ್ನುತ್ತದೆ, ಕೆಲವೊಮ್ಮೆ ಹುಲ್ಲಿಗಿಂತ ಹೆಚ್ಚು ಇಷ್ಟಪಟ್ಟೇ ತಿನ್ನುತ್ತದೆ. ಮುಂದಿನ ಮೂರು ಗಂಟೆಗಳಲ್ಲಿ ನಾವು ಕಂಡದ್ದೆಲ್ಲ ಈ ಮಾತಿನ ವಿಸ್ತರಣೆಯೇ ಆಗಿತ್ತು. ನಾನು ಈ ಸವಾರಿಯನ್ನು ಮೆಚ್ಚುತ್ತಿರುವುದೂ ಅದೇ ಕಾರಣಕ್ಕೆ.

ಮೊದಲ ಪ್ರಯೋಗ ಸರಳವಾದದ್ದು. ಜಂತುಹುಳುವಿನ ಔಷಧದ ಗುಳಿಗೆಯೊಂದನ್ನು ಪುಡಿ ಮಾಡದೆ ಹಾಗೆಯೇ ಓಟ್ಸ್ ಕಾಳಿನ ಬಕೆಟ್ಟಿನಲ್ಲಿ ಬೆರೆಸಿ, ವಯಸ್ಸಾದ ಒಂದು ಕಂದು ಕುದುರೆಯ ಮುಂದಿಟ್ಟರು. ಕುದುರೆ ಐದಾರು ನಿಮಿಷಗಳಲ್ಲಿ ಕಾಳನ್ನೆಲ್ಲ ಮುಗಿಸಿತು. ಗುಳಿಗೆ ಮಾತ್ರ ಬಕೆಟ್ಟಿನ ತಳದಲ್ಲಿ, ಎಂಜಲಿನಿಂದ ಒದ್ದೆಯಾಗಿ ಉಳಿದಿತ್ತು. ಹಸು ನಾಲಿಗೆ ಸುತ್ತಿ ಹುಲ್ಲನ್ನು ಎಳೆದುಕೊಳ್ಳುತ್ತದೆ, ಕುದುರೆಯಾದರೋ ಮೇಲ್ತುಟಿಯನ್ನು ಬೆರಳಿನಂತೆ ಆಡಿಸಿ ಎಳೆಎಳೆಯಾಗಿ ಆರಿಸಿಕೊಳ್ಳುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಮೂಗಿನ ನೇರ ಕೆಳಗಿರುವ ವಸ್ತು ಅದಕ್ಕೆ ಕಾಣುವುದೇ ಇಲ್ಲ. ಬಾಯಿಗೆ ಹೋಗುತ್ತಿರುವುದು ಏನೆಂದು ಅದು ತಿಳಿಯುವುದು ವಾಸನೆಯಿಂದ, ತುಟಿಯ ಸ್ಪರ್ಶದಿಂದ ಮತ್ತು ಮೂತಿಯ ಸುತ್ತ ಚಾಚಿಕೊಂಡಿರುವ ಒರಟು ಮೀಸೆಗೂದಲುಗಳಿಂದ. ಅಂದಕ್ಕಾಗಿ ಆ ಕೂದಲುಗಳನ್ನು ಬೋಳಿಸುವ ರೂಢಿ ಬಹುಕಾಲದಿಂದ ಇತ್ತು; ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2021ರ ಜುಲೈನಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿದೆ. ಈ ಲಾಯದ ಒಂದು ಕುದುರೆಗೂ ಮೀಸೆ ಕತ್ತರಿಸಿರಲಿಲ್ಲ ಎಂಬುದನ್ನು ನಾನು ಗಮನಿಸಿ ನೋಡಿ ಸಂತೋಷಪಟ್ಟೆ.

ಕುದುರೆ ತಲೆಯೆತ್ತಿ, ಮೇಲ್ತುಟಿಯನ್ನು ಮಡಿಚಿ, ಹಲ್ಲು ಕಿರಿಯುವಂತೆ ನಿಲ್ಲುವುದನ್ನು ಅನೇಕರು ‘ವಿಷ ಕಂಡುಹಿಡಿಯಿತು’ ಎಂದು ಭಾವಿಸುತ್ತಾರಂತೆ. ಅದು ಹಾಗಲ್ಲ. ಮೂಗಿನೊಳಗಿನ ಒಂದು ವಿಶೇಷ ಅಂಗಕ್ಕೆ ವಾಸನೆಯನ್ನು ತಲುಪಿಸಿಕೊಳ್ಳುವ ಕ್ರಿಯೆ ಅದು. ಬೇರೆ ಕುದುರೆಗಳ ಮೂತ್ರಕ್ಕೂ ಅಪರಿಚಿತ ಘಾಟಿಗೂ ಕುದುರೆ ಹಾಗೆಯೇ ಮಾಡುತ್ತದೆ.

ಇದಾದ ಮೇಲೆ ಬಂದ ವಿವರಣೆ ನನ್ನನ್ನು ನಿಜವಾಗಿಯೂ ಬೆಚ್ಚಿಸಿತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿರುವ ಸ್ನಾಯುಗಳ ಬಿಗಿತ ಮತ್ತು ಅದು ಸೇರುವ ಓರೆ ಕೋನ, ಇವೆರಡರಿಂದಾಗಿ ಒಳಹೋದದ್ದು ಹಿಂದಿರುಗುವ ದಾರಿಯೇ ಇಲ್ಲ. ನಾಯಿ, ಬೆಕ್ಕುಗಳಿಗೆ ಇರುವ ಈ ಕೊನೆಯ ರಕ್ಷಣೆ ಕುದುರೆಗೆ ಇಲ್ಲದ ಕಾರಣ, ಅದರ ಜಾಗ್ರತೆಯೆಲ್ಲ ನುಂಗುವುದಕ್ಕೆ ಮುಂಚೆಯೇ ನಡೆಯಬೇಕು. ಹೋಗಲಿ, ಒಮ್ಮೆ ಕೆಟ್ಟ ಅನುಭವವಾದರೆ ಅದರಿಂದಾದರೂ ಕಲಿಯುತ್ತದೆಯೇ ಎಂದರೆ, ಅದಕ್ಕೂ ಮಿತಿಯಿದೆ. 1990ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹೊಸ ಮೇವು ತಿಂದ ತಕ್ಷಣ ಹೊಟ್ಟೆ ತೊಳಸುವಂತೆ ಮಾಡಿದಾಗ ಕುದುರೆಗಳು ಆ ಮೇವನ್ನು ಮುಂದೆ ದೂರವಿಟ್ಟವು. ಆ ಸಂಕಟ ಅರ್ಧ ಗಂಟೆ ತಡವಾಗಿ ಬಂದಾಗ ಮೇವಿಗೂ ಸಂಕಟಕ್ಕೂ ನಂಟು ಕಲ್ಪಿಸಿಕೊಳ್ಳಲು ಅವುಗಳಿಗೆ ಆಗಲಿಲ್ಲ. ದಾರಿಬದಿಯ ವಿಷಗಿಡಗಳಲ್ಲಿ ಅನೇಕವು ಗಂಟೆಗಳ, ವಾರಗಳ, ಕೆಲವು ತಿಂಗಳುಗಳ ಬಳಿಕ ಪರಿಣಾಮ ತೋರುವಂಥವು. ಇಲ್ಲಿನ ಬೆಟ್ಟಗಳಲ್ಲಿ ವಸಂತದಲ್ಲಿ ಕಿತ್ತಳೆ ಹಳದಿ ಹೂ ಬಿಡುವ ಫಿಡಲ್‌ನೆಕ್ ಎಂಬ ಗಿಡ ಯಕೃತ್ತನ್ನು ನಿಧಾನವಾಗಿ ಕೆಡಿಸುತ್ತದೆ. ಕುದುರೆ ಸೊರಗುವ ಹೊತ್ತಿಗೆ ಆ ಗಿಡ ತಿಂದ ದಿನ ಎಲ್ಲಿಯೋ ಹಿಂದೆ ಉಳಿದಿರುತ್ತದೆ. ಇಂಥ ಪಾಠವನ್ನು ಯಾವ ಪ್ರಾಣಿಯಾದರೂ ಕಲಿಯುವುದು ಹೇಗೆ?

ಸವಾರಿ ಹೊರಟದ್ದು ಒಂಬತ್ತೂವರೆಗೆ. ಹೊರಡುವುದಕ್ಕೆ ಮುಂಚೆ ಎಲ್ಲ ಕುದುರೆಗಳಿಗೂ ಒಣಹುಲ್ಲು ತಿನ್ನಿಸಿದ್ದರು. ಇದು ಉಪಚಾರಕ್ಕಾಗಿ ಅಲ್ಲ, ಸುರಕ್ಷತೆಗಾಗಿ. ಹುಲ್ಲುಗಾವಲಿನಲ್ಲಿ ಬಿಡುವಾಗಿ ಮೇಯುವ ಕುದುರೆಗೆ ಆರಿಸಿ ತಿನ್ನಲು ಸಮಯವಿರುತ್ತದೆ. ದಾರಿಯಲ್ಲಿ ನಡೆಯುತ್ತಿರುವ ಕುದುರೆ ಹಾಗಲ್ಲ. ಬಾಯಲ್ಲಿ ಕಡಿವಾಣ, ಬೆನ್ನ ಮೇಲೆ ಸವಾರ, ಮುಂದಿನವನು ಹೋಗಿಬಿಡುತ್ತಾನೆಂಬ ಆತುರ. ಸಿಕ್ಕ ಕ್ಷಣದಲ್ಲಿ ಪಕ್ಕದ ಪೊದೆಗೆ ಮೂತಿ ಹಾಕಿ ಒಂದು ತುತ್ತನ್ನು ಕಿತ್ತುಕೊಂಡು ಅಗಿಯುತ್ತ ನಡೆಯುತ್ತದೆ. ಬಕೆಟ್ಟಿನಲ್ಲಿ ಗುಳಿಗೆಯನ್ನು ಬೇರ್ಪಡಿಸಿದ ಅದೇ ತುಟಿಗೆ ಇಲ್ಲಿ ಬೇರ್ಪಡಿಸುವ ಅವಕಾಶವೇ ಇಲ್ಲ. ಹಸಿವೂ ಸೇರಿಕೊಂಡರೆ ಕಹಿಯನ್ನೂ ಅದು ಸಹಿಸಿಕೊಳ್ಳುತ್ತದೆ. ಆದ್ದರಿಂದ ಇಲ್ಲಿನ ನಿಯಮ ಖಡಾಖಂಡಿತ: ನಡೆಯುವಾಗ ಕುದುರೆಯ ತಲೆ ಬಗ್ಗಕೂಡದು, ಮಾರ್ಗದರ್ಶಿ ಇಳಿದು ನೆಲ ನೋಡಿ ಒಪ್ಪಿದ ಎರಡು ತಾಣಗಳಲ್ಲಿ ಮಾತ್ರ ಮೇಯಲು ಬಿಡಬೇಕು. ಲಗಾಮನ್ನು ಜಗ್ಗದೆ, ಕುದುರೆ ತಲೆ ಇಳಿಸುವ ಮೊದಲೇ ಅದರ ಕಿವಿಯ ತಿರುವನ್ನು ನೋಡಿ ಕಾಲಿನಿಂದ ಮುಂದಕ್ಕೆ ಒತ್ತುವುದನ್ನು ಅವರು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಲಿಸಿದರು. ಇದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು, ಅದು ವ್ಯರ್ಥವಾದ ಸಮಯವಲ್ಲ.

ಮೊದಲ ತೊರೆಯ ಬಳಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೀರಿನ ಅಂಚಿನಲ್ಲಿ ಆಳೆತ್ತರಕ್ಕೆ ಬೆಳೆದು, ಕೊತ್ತಂಬರಿ ಹೂವಿನಂಥ ಬಿಳಿ ಹೂಗೊಂಚಲು ಹೊತ್ತ ಗಿಡಗಳ ಸಾಲಿತ್ತು. ಕಾಂಡದ ಮೇಲೆ ನೇರಳೆ ಮಚ್ಚೆಗಳು, ಎಲೆ ಜಜ್ಜಿದರೆ ಇಲಿಯ ಮೂತ್ರದಂಥ ನಾತ. ಅದೇ ಹೆಮ್ಲಾಕ್, ಸಾಕ್ರೆಟಿಸನಿಗೆ ಕುಡಿಸಿದರೆನ್ನುವ ವಿಷದ ಗಿಡ, ಯುರೋಪಿನಿಂದ ಬಂದು ಇಲ್ಲಿ ತೊರೆಗಳ ದಡವನ್ನೆಲ್ಲ ಆಕ್ರಮಿಸಿಕೊಂಡದ್ದು. ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ನನ್ನ ಕುದುರೆ ಥಟ್ಟನೆ ನಿಂತಿತು. ಕತ್ತು ನೆಟ್ಟಗಾಯಿತು, ಮೂಗಿನ ಹೊಳ್ಳೆಗಳು ಅರಳಿದವು, ಜೋರಾಗಿ ಬುಸುಗುಟ್ಟಿ ಒಂದು ಹೆಜ್ಜೆ ಹಿಂದೆ ಸರಿಯಿತು. ನನಗೆ ಮೈ ಜುಮ್ಮೆಂದಿತು.

“ಅಪ್ಪಾ, ನೋಡಿದೆಯಾ? ಅದಕ್ಕೆ ಗೊತ್ತಾಯ್ತು!” ಎಂದು ಮಗಳು ಹಿಂದಿನಿಂದ ಕೂಗಿದಳು.

ಮಾರ್ಗದರ್ಶಿ ಕುದುರೆಯಿಂದ ಇಳಿದು, ಗಿಡಗಳ ಸಾಲನ್ನು ದಾಟಿ ಹೋಗಿ, ಆಚೆಯ ಬೇಲಿ ತಂತಿಗೆ ಸಿಕ್ಕಿಕೊಂಡು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಬಿಡಿಸಿ ಜೇಬಿಗೆ ಹಾಕಿಕೊಂಡರು. ಕುದುರೆ ಉಸಿರು ಬಿಟ್ಟು, ತಲೆ ತಗ್ಗಿಸಿ, ಅದೇ ಹೆಮ್ಲಾಕ್ ಗಿಡಗಳಿಗೆ ಮೈ ಸವರುವಷ್ಟು ಹತ್ತಿರದಿಂದ ನಿಶ್ಚಿಂತೆಯಾಗಿ ನಡೆದುಹೋಯಿತು. ಅಲುಗುವ, ಸದ್ದು ಮಾಡುವ, ನಿನ್ನೆ ಇಲ್ಲದ್ದು ಇಂದು ಇರುವ ವಸ್ತುವಿಗೆ ಬೆದರುವುದು ಬೇಟೆಗೆ ಗುರಿಯಾಗುವ ಪ್ರಾಣಿಯ ಸ್ವಭಾವ. ಬೇರೂರಿ ಸುಮ್ಮನೆ ನಿಂತಿರುವ ಗಿಡ ಎಷ್ಟೇ ಘೋರ ವಿಷವಾಗಿದ್ದರೂ ಅದನ್ನು ಬೆದರಿಸುವುದಿಲ್ಲ. ಕುದುರೆ ವಿಷದ ಗಿಡವನ್ನು ನಿರಾಕರಿಸುವಾಗ ಅದರಲ್ಲಿ ನಾಟಕೀಯವಾದದ್ದು ಏನೂ ಇರುವುದಿಲ್ಲ: ಮೂಸುತ್ತದೆ, ತುಟಿಯಿಂದ ಸರಿಸುತ್ತದೆ, ಪಕ್ಕದ ಹುಲ್ಲಿಗೆ ಹೋಗುತ್ತದೆ, ಅಷ್ಟೆ. ಬೆಳೆದ ಹೆಮ್ಲಾಕ್‌ನ ನಾತಕ್ಕೆ ಕುದುರೆಗಳು ಸಾಮಾನ್ಯವಾಗಿ ಹೀಗೇ ಮಾಡುತ್ತವೆ. ಅಪಾಯವಿರುವುದು ಚಳಿಗಾಲದ ಕೊನೆಗೆ, ಬೇರೇನೂ ಹಸಿರಿಲ್ಲದಾಗ, ನೆಲಕ್ಕಂಟಿ ಎಳೆ ಎಲೆಗಳ ಚಕ್ರವಾಗಿ ಅದು ಮೊದಲು ಮೇಲೇಳುವ ಹೊತ್ತಿನಲ್ಲಿ. ತಿಂದ ಕುದುರೆ ನಡುಗುತ್ತದೆ, ತೂರಾಡುತ್ತದೆ, ಉಸಿರಾಟದ ಸ್ನಾಯುಗಳು ಸೋತರೆ ಸಾಯುತ್ತದೆ.

ಬೆಟ್ಟದ ಬೆನ್ನೇರಿದ ಮೇಲೆ ಕಂಡದ್ದು ಹಳದಿ ಸ್ಟಾರ್ ಥಿಸಲ್. ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲಿನ ನಡುವೆ ಅದೊಂದೇ ಇನ್ನೂ ಹಸಿರಾಗಿ, ನಕ್ಷತ್ರದಂತೆ ಚಾಚಿದ ಮುಳ್ಳುಗಳ ನಡುವೆ ಹಳದಿ ಹೂ ಅರಳಿಸಿ ನಿಂತಿತ್ತು. ನಾವು ಕುದುರೆ ಮೆಂತೆ ಎಂದು ಕರೆಯುವ ಲೂಸರ್ನ್ ಮೇವಿನ ಬೀಜದಲ್ಲಿ ಬೆರೆತು, 19ನೇ ಶತಮಾನದ ಮಧ್ಯದಲ್ಲಿ ಈ ರಾಜ್ಯಕ್ಕೆ ಕಾಲಿಟ್ಟ ಕಳೆ ಇದು. ದನ, ಕುರಿ, ಮೇಕೆಗಳು ಮುಳ್ಳು ಮೂಡುವ ಮೊದಲು ಇದನ್ನು ತಿಂದು ಚೆನ್ನಾಗಿಯೇ ಇರುತ್ತವೆ. ಕುದುರೆಗೆ ಮಾತ್ರ ಇದು ಮಿದುಳಿನ ವಿಷ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1954ರಲ್ಲಿ ಪ್ರಕಟವಾದ ವಿವರಣೆಯ ಪ್ರಕಾರ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಎರಡು ಭಾಗಗಳು ಇದರಿಂದ ಕೊಳೆತುಹೋಗುತ್ತವೆ. ಅವುಗಳಲ್ಲೊಂದು, ಮನುಷ್ಯರಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂದಾಗ ಹಾಳಾಗುವ ಭಾಗವೇ. ಕುದುರೆಯ ತುಟಿಗಳು ಬಿಗಿದುಕೊಳ್ಳುತ್ತವೆ, ಮುಖದ ಸ್ನಾಯುಗಳು ಮರಗಟ್ಟುತ್ತವೆ. ಮುಂದಿಟ್ಟ ಹುಲ್ಲಿಗೆ ಅದು ಬಾಯಿ ಹಾಕುತ್ತದೆ, ಸುಮ್ಮನೆ ಅಗಿಯುವ ಚಲನೆ ನಡೆಸುತ್ತದೆ, ಆದರೆ ಹಿಡಿಯಲೂ ನುಂಗಲೂ ಆಗುವುದಿಲ್ಲ. ನೀರಿನಲ್ಲಿ ಮೂತಿಯನ್ನು ಆಳವಾಗಿ ಮುಳುಗಿಸಿ ಹೇಗೋ ಒಂದಿಷ್ಟು ಒಳಗೆ ಇಳಿಸಿಕೊಳ್ಳಲು ಹೆಣಗುತ್ತದೆ. ಚಿಕಿತ್ಸೆ ಇಲ್ಲ. ಮೇವಿನ ಎದುರಿಗೇ ಪ್ರಾಣಿ ಹಸಿವಿನಿಂದ ಸಾಯುತ್ತದೆ, ಇಲ್ಲವೇ ಅದಕ್ಕೆ ಮುಕ್ತಿ ಕೊಡಬೇಕಾಗುತ್ತದೆ. ಯಾವ ಮೇಲ್ತುಟಿಯ ಚುರುಕುತನವನ್ನು ಬೆಳಿಗ್ಗೆ ಬಕೆಟ್ಟಿನ ಮುಂದೆ ಬೆರಗಿನಿಂದ ನೋಡಿದ್ದೆವೋ ಅದನ್ನೇ ಈ ಗಿಡ ಕಸಿಯುತ್ತದೆ ಎಂಬುದು ನನಗೆ ಬಹಳ ಹೊತ್ತು ಮನಸ್ಸಿನಿಂದ ಹೋಗಲಿಲ್ಲ.

ಒಂದೆರಡು ತುತ್ತಿನಿಂದ ಹೀಗಾಗುವುದಿಲ್ಲ; ತನ್ನ ಮೈತೂಕಕ್ಕೆ ಸಮೀಪದಷ್ಟನ್ನೋ ಅದಕ್ಕೂ ಮಿಕ್ಕಿಯೋ ವಾರಗಟ್ಟಲೆ ತಿಂದಾಗ ಆಗುವಂಥದ್ದು. ಹಾಗಿದ್ದರೆ ದಾರಿಯಲ್ಲಿ ಒಂದು ತುತ್ತಿಗೂ ಏಕೆ ತಡೆ ಎಂದು ನಮ್ಮ ಗುಂಪಿನ ಒಬ್ಬರು ಕೇಳಿದರು. ಉತ್ತರವಾಗಿ ಮಾರ್ಗದರ್ಶಿ ನನ್ನ ಮಗಳ ಕುದುರೆಯನ್ನು ತೋರಿಸಿದರು. ಸಾಲಿನಲ್ಲಿದ್ದ ಎಂಟು ಕುದುರೆಗಳಲ್ಲಿ ಅದೊಂದು ಮಾತ್ರ, ಒಳ್ಳೆಯ ಹುಲ್ಲನ್ನು ದಾಟಿಕೊಂಡು, ಮುಳ್ಳಿನ ನಡುವೆ ತುಟಿ ತೂರಿಸಿ ಥಿಸಲ್ ಕೀಳಲು ಪದೇ ಪದೇ ಕತ್ತು ಚಾಚುತ್ತಿತ್ತು. ಹಿಂದಿನ ಒಡೆಯರ ಹೊಲದಲ್ಲಿ ಅದಕ್ಕೆ ಈ ಗಿಡದ ರುಚಿ ಹತ್ತಿತ್ತಂತೆ. ಒಮ್ಮೆ ರುಚಿ ಹತ್ತಿದ ಕುದುರೆಗಳಲ್ಲಿ ಕೆಲವು ಬೇರೆ ಮೇವು ಬಿಟ್ಟು ಇದನ್ನೇ ಹುಡುಕಿಕೊಂಡು ಹೋಗುತ್ತವೆ. ಆ ಕುದುರೆಯನ್ನು ಬೇಸಿಗೆಯಲ್ಲಿ ಹೊಲಕ್ಕೆ ಬಿಡುವಾಗ ಬಾಯಿಗೆ ಜಾಳಿಗೆ ಕಟ್ಟುತ್ತಾರೆ. ನಮ್ಮಲ್ಲಿ ಕಣ ತುಳಿಯುವ ಎತ್ತಿನ ಬಾಯಿಗೆ ಕಟ್ಟುತ್ತಿದ್ದ ಕುಕ್ಕೆಯದೇ ಇನ್ನೊಂದು ರೂಪ. ‘ಕುದುರೆಗಳಿಂದ ಕಲಿಯಿರಿ’ ಎಂದ ಕರಪತ್ರ ಮುದ್ರಿಸಿದವರು ಈ ಕುದುರೆಯನ್ನು ಒಮ್ಮೆ ನೋಡಬೇಕಿತ್ತು.

ವಿಷದ ಓಕ್, ಅಂದರೆ ಪಾಯ್ಸನ್ ಓಕ್, ಇನ್ನೊಂದು ಬಗೆಯ ಪಾಠ. ಮೂರು ಮೂರು ಎಲೆಗಳ, ಹೊಳಪಿನ, ಅಲ್ಲಲ್ಲಿ ಕೆಂಪೇರಿದ ಈ ಪೊದೆ ದಾರಿಯ ಎರಡೂ ಬದಿಗೆ ಇತ್ತು. ಮೇಯುವ ತಾಣದಲ್ಲಿ ನನ್ನ ಕುದುರೆ ಅದರ ಚಿಗುರನ್ನು ನಿರಾಳವಾಗಿ ತಿಂದಿತು, ಅದಕ್ಕೆ ಏನೂ ಆಗುವುದೂ ಇಲ್ಲ. ಆದರೆ ಎಲೆಯ ಎಣ್ಣೆ ಕುದುರೆಯ ಎದೆಗೆ, ಕಾಲಿಗೆ, ಮೂತಿಗೆ, ಲಗಾಮಿಗೆ ಅಂಟಿ, ಅಲ್ಲಿಂದ ಸವಾರನ ಚರ್ಮಕ್ಕೆ ಬಂದು ಗುಳ್ಳೆ ಎಬ್ಬಿಸುತ್ತದೆ. ಮಾವು, ಗೇರು ಇದೇ ಕುಟುಂಬದವು. ಮಾವಿನಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ಹತ್ತಿಸಿಕೊಂಡವರಿಗೆ ಇದರ ಉರಿ ಎಂಥದೆಂದು ಊಹಿಸುವುದು ಕಷ್ಟವಲ್ಲ. ಕುದುರೆ ತಿಂದದ್ದೆಲ್ಲ ನಮಗೆ ನಿರಪಾಯ ಎಂಬ ನಂಬಿಕೆಯೂ ಇಲ್ಲಿಗೆ ಮುಗಿಯಿತು. ಲಾಯದವರ ಮೇಲೆ ನನ್ನ ಮುಖ್ಯ ದೂರು ಇರುವುದು ಈ ವಿಚಾರದಲ್ಲಿಯೇ. ಉದ್ದ ತೋಳಿನ ಅಂಗಿ, ಕೈಗವಸು ತರಬೇಕೆಂದು ಮುಂಗಡ ಸೂಚನೆಯಲ್ಲಿ ಒಂದು ಮಾತೂ ಇರಲಿಲ್ಲ. ಇಳಿದ ಮೇಲೆ ಒರೆಸಿಕೊಳ್ಳಲು ಬಟ್ಟೆ, ಸಾಬೂನು ಕೊಟ್ಟರಾದರೂ, ಅಷ್ಟರಲ್ಲಿ ನಾವೆಲ್ಲ ಎರಡು ಗಂಟೆ ಕಾಲ ಆ ಲಗಾಮುಗಳನ್ನು ಬರಿಗೈಯಲ್ಲಿ ಹಿಡಿದಿದ್ದೆವು. ಮೂರನೆಯ ದಿನ ನನ್ನ ಎರಡೂ ಮಣಿಕಟ್ಟುಗಳ ಮೇಲೆ ಗುಳ್ಳೆಗಳೆದ್ದವು, ಎರಡು ವಾರ ಕಾಡಿದವು. ಮಗಳು ಅದೃಷ್ಟವಶಾತ್ ಪಾರಾದಳು.

ಹಿಂದಿರುಗುವ ದಾರಿ ಕೆಲವು ಮನೆಗಳ ಬೇಲಿಯ ಪಕ್ಕದಿಂದ ಹಾಯುತ್ತದೆ. ಅಲ್ಲಿ ಎಲ್ಲರೂ ಇಳಿದು, ಕುದುರೆಯ ತಲೆ ಬಗ್ಗದಂತೆ ಲಗಾಮನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ನಡೆಯಬೇಕು. ಬೇಲಿಯಲ್ಲಿ ಗುಲಾಬಿ ಬಣ್ಣದ ಹೂ ಹೊತ್ತು ನಿಂತಿದ್ದದ್ದು ನಮ್ಮ ಕಣಗಿಲೆ. ಕ್ಯಾಲಿಫೋರ್ನಿಯಾದ ಹೆದ್ದಾರಿಗಳ ನಡುವೆಯೂ, ನಮ್ಮ ಹೆದ್ದಾರಿಗಳ ನಡುವೆಯೂ ಅದೇ ಕಾರಣಕ್ಕೆ ನೆಟ್ಟಿರುತ್ತಾರೆ: ನೀರು ಬೇಡ, ದನ ಮುಟ್ಟುವುದಿಲ್ಲ. ಹಾಸನದ ಕಡೆಯ ನಮ್ಮೂರಿನಲ್ಲಿ ಪೂಜೆಯ ಹೂವಿಗೆಂದು ಹಿತ್ತಲ ಬೇಲಿಗೆ ಕಣಗಿಲೆ ಇತ್ತು. ಅದರ ಪಕ್ಕದಲ್ಲೇ ಹಸು ಕಟ್ಟುತ್ತಿದ್ದ ಅಜ್ಜನನ್ನು ಕೇಳಿದಾಗ, “ದನಕ್ಕೆ ಗೊತ್ತಿರ್ತದೆ ಕಣ್ಲಾ ಮಗಾ, ಕಣಗಿಲೆ ಮುಟ್ಟಾಕಿಲ್ಲ” ಎಂದಿದ್ದರು. ಅಜ್ಜ ಕಂಡದ್ದು ಸುಳ್ಳಲ್ಲ. ಹಸಿ ಎಲೆ ವಿಪರೀತ ಕಹಿ, ಹೊಟ್ಟೆ ತುಂಬಿದ ದನವಾಗಲಿ ಕುದುರೆಯಾಗಲಿ ಅದನ್ನು ಬಿಟ್ಟೇ ಬಿಡುತ್ತದೆ. ಆದರೆ ಯಾರಾದರೂ ಬೇಲಿ ಸವರಿ ಕೊಂಬೆಗಳನ್ನು ಹುಲ್ಲಿನ ಮೇಲೆ ಎಸೆದಾಗ, ಎಲೆ ಬಾಡಿ ಒಣಗುತ್ತದೆ, ಹುಲ್ಲಿನೊಂದಿಗೆ ಬೆರೆಯುತ್ತದೆ. ಆಗ ಕಹಿಯ ಎಚ್ಚರಿಕೆ ಮಂಕಾಗುತ್ತದೆ, ಹೃದಯದ ಬಡಿತವನ್ನೇ ಕೆಡಿಸುವ ವಿಷ ಮಾತ್ರ ಹಾಗೆಯೇ ಉಳಿಯುತ್ತದೆ. ಒಂದು ಸಣ್ಣ ಹಿಡಿ ಎಲೆ ಕುದುರೆಗೆ ಸಾಕಾಗಬಹುದು. ಕೆಲವೊಮ್ಮೆ ರೋಗಲಕ್ಷಣ ನೋಡುವ ಮೊದಲೇ ಸತ್ತು ಬಿದ್ದ ಕುದುರೆ ಕಾಣುತ್ತದೆ. ನಾವು ನಡೆದ ದಿನವೂ ಬೇಲಿಯ ಬುಡದಲ್ಲಿ ಉದುರಿದ ಕಂದು ಎಲೆಗಳಿದ್ದವು. ಮಾರ್ಗದರ್ಶಿ ಗವಸು ತೊಟ್ಟು ಅವನ್ನು ಬಾಚಿ ಚೀಲಕ್ಕೆ ತುಂಬಿಕೊಂಡರು. ಪ್ರತಿ ಶನಿವಾರವೂ ಹೀಗೇ ಮಾಡುತ್ತಾರಂತೆ.

ಒಂದುವೇಳೆ ಕುದುರೆ ತಿಂದೇಬಿಟ್ಟರೆ ಏನು ಮಾಡಬೇಕೆಂಬುದನ್ನು ಅವರು ಚುಟುಕಾಗಿ ಹೇಳಿದರು. ಲಕ್ಷಣ ಕಾಣಲಿ ಎಂದು ಕಾಯದೆ ಪಶುವೈದ್ಯರಿಗೆ ಕರೆ ಮಾಡಬೇಕು, ಬಾಯಲ್ಲಿ ಉಳಿದದ್ದನ್ನು ತೆಗೆಯಬೇಕು, ಗಿಡದ ಒಂದು ಟೊಂಗೆಯನ್ನು ಜೊತೆಗೆ ಒಯ್ಯಬೇಕು, ಮನೆಮದ್ದು ಕುಡಿಸಬಾರದು. ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ, ವಿಷವನ್ನು ಹೀರಿಕೊಳ್ಳುವ ಸಕ್ರಿಯ ಇದ್ದಿಲನ್ನು ಕೊಡುವುದುಂಟು. ಅದೂ ಬೇಗ ತಲುಪಿದರೆ ಮಾತ್ರ ಪ್ರಯೋಜನ.

ಕೊನೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಲೇಪಿತ ಚಿತ್ರಪಟ್ಟಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಅದರಲ್ಲಿ 12 ಗಿಡಗಳ ಬಣ್ಣದ ಚಿತ್ರಗಳಿವೆ, ಆದರೆ ಎಲ್ಲವೂ ಹೂ ಬಿಟ್ಟಾಗ ತೆಗೆದವು. ಹೆಮ್ಲಾಕ್ ಅಪಾಯಕಾರಿಯಾಗುವುದು ಎಳೆ ಎಲೆಯಾಗಿದ್ದಾಗ, ಕಣಗಿಲೆ ಒಣಗಿದಾಗ ಎಂದು ಸ್ವತಃ ಅವರೇ ಕಲಿಸಿದ ಮೇಲೆ, ಆ ಎರಡು ರೂಪಗಳ ಚಿತ್ರವೇ ಇಲ್ಲದ ಪಟ್ಟಿಯಿಂದ ಸವಾರನಿಗೆ ಆಗುವ ಉಪಯೋಗ ಕಡಿಮೆ. ಒಬ್ಬ ಮಾರ್ಗದರ್ಶಿಗೆ ಏಳು ಜನ ಸವಾರರು ಎಂಬುದೂ ಹೆಚ್ಚಾಯಿತು. ಸಾಲಿನ ಕೊನೆಯಲ್ಲಿದ್ದವರಿಗೆ ವಿವರಣೆಯ ಅರ್ಧ ಕೇಳಿಸಲಿಲ್ಲ. ಕರಪತ್ರದ ಆ ಸಾಲನ್ನು ತೆಗೆಯಬೇಕೆಂದು ಹೊರಡುವಾಗ ಹೇಳಿದೆ. ತಾವೂ ಹಲವು ಸಲ ಹೇಳಿದ್ದೇವೆ ಎಂದು ಮಾರ್ಗದರ್ಶಿ ತಲೆಯಾಡಿಸಿದರು.

ಕುದುರೆಗಳ ಆರೈಕೆಗೆ, ಜೀನು ಮತ್ತು ಹೆಲ್ಮೆಟ್‌ಗಳ ಸ್ಥಿತಿಗೆ, ಎಲ್ಲಕ್ಕಿಂತ ಮಿಗಿಲಾಗಿ ಆ ಮಾರ್ಗದರ್ಶಿಯ ಪ್ರಾಮಾಣಿಕತೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸವಾರಿಯ ಸುಖಕ್ಕಾಗಿ ಮಾತ್ರ ಹೋಗುವವರಿಗೆ ಇದು ನಿಧಾನವೆನಿಸಬಹುದು, ಏಕೆಂದರೆ ಓಡಿಸುವುದು ಇಲ್ಲವೇ ಇಲ್ಲ ಮತ್ತು ಹತ್ತು ಬಾರಿಯಾದರೂ ನಿಲ್ಲಬೇಕಾಗುತ್ತದೆ. ಸ್ವಂತ ಕುದುರೆ ಇರುವವರು, ಮಕ್ಕಳನ್ನು ಸವಾರಿ ಶಾಲೆಗೆ ಕಳಿಸುವವರು ತಪ್ಪದೆ ಹೋಗಬೇಕು. ಹೋಗುವಾಗ ಉದ್ದ ತೋಳಿನ ಅಂಗಿ ಮತ್ತು ಕೈಗವಸು ನೀವೇ ಒಯ್ಯಿರಿ, ಹಿಂದಿರುಗಿದ ಮೇಲೆ ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಸಾಲಿನಲ್ಲಿ ಮಾರ್ಗದರ್ಶಿಯ ಹಿಂದಿನ ಎರಡನೆಯ ಅಥವಾ ಮೂರನೆಯ ಜಾಗವನ್ನು ಕೇಳಿ ಪಡೆಯಿರಿ. ಹೆಮ್ಲಾಕ್‌ನ ಎಳೆ ಎಲೆಗಳನ್ನು ನೆಲದ ಮೇಲೆಯೇ ನೋಡಿ ಗುರುತಿಸಲು ಕಲಿಯಬೇಕೆಂದು ನಾವು ಫೆಬ್ರವರಿಯ ಸವಾರಿಗೆ ಮತ್ತೆ ಹೆಸರು ಕೊಟ್ಟಿದ್ದೇವೆ. ಥಿಸಲ್‌ಗೆ ಕತ್ತು ಚಾಚುವ ಆ ಕುದುರೆಯೇ ತನಗೆ ಬೇಕೆಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ.